ಜೀಪು ನಿಂತಲ್ಲೆಲ್ಲ ಊರು

ನಕ್ಷೆ ಬರೆಯುವುದು ಸುಲಭದ ಕೆಲಸ ಎಂದು ತಿಳಿದವರು ಬಹಳ ಜನ ಇದ್ದಾರೆ. ಅವರಲ್ಲಿ ಮೊದಲನೆಯವನು ನನ್ನ ಗಂಡ. "ಊರು ಎಲ್ಲಿದ್ಯೋ ಅಲ್ಲೊಂದು ಚುಕ್ಕೆ ಇಡು, ಪಕ್ಕದಲ್ಲಿ ಹೆಸರು ಟೈಪ್ ಮಾಡು, ಮುಗೀತಲ್ಲ. ಅದಕ್ಯಾಕೆ ಇಷ್ಟೊಂದು ರಗಳೆ?" ಎಂದು ಅವನು ಮೆಲ್ಬರ್ನ್‌ನಿಂದ ಫೋನಿನಲ್ಲಿ ಕೇಳುತ್ತಿದ್ದ. ನಾನು ಸಿಡ್ನಿಯಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದೆ. ದೂರದಲ್ಲಿರುವ ಗಂಡನ ಹತ್ತಿರ ಜಗಳ ಆಡಿದರೆ ಲಾಭವಾಗುವುದು ಫೋನ್ ಕಂಪನಿಗೆ ಮಾತ್ರ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಸಣ್ಣ ಆಫೀಸಿನಲ್ಲಿ, ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾನು ಪುಸ್ತಕಗಳಿಗೆ ನಕ್ಷೆ ಬರೆದುಕೊಡುವ ಕೆಲಸ ಮಾಡುತ್ತಿದ್ದೆ. ಶಾಲೆಯ ಭೂಗೋಳ, ಪ್ರವಾಸಿಗಳ ಕೈಪಿಡಿ, ದ್ರಾಕ್ಷಿ ತೋಟಗಳ ದಾರಿ, ಏನು ಬಂದರೂ ಬರೆಯುತ್ತಿದ್ದೆವು. ಗಂಡನಿಗೆ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಮಗಳನ್ನು ಕರೆದುಕೊಂಡು ಅವನು ಮೊದಲೇ ಹೋಗಿ, ಅಲ್ಲಿ ರೆಂಟ್ ಮನೆಯಲ್ಲಿ ಇದ್ದ. ಮೆಲ್ಬರ್ನ್‌ನ ಹೊರವಲಯದ ಟ್ರುಗನಿನಾದಲ್ಲಿ ಸೈಟ್ ಕೊಂಡು ಮನೆ ಕಟ್ಟಿಸಲು ಶುರು ಮಾಡಿಯೂ ಆಗಿತ್ತು. ಕೈಯಲ್ಲಿರುವ ಒಂದು ನಕ್ಷೆ ಮುಗಿಸಿ ನಾನೂ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಒಂದು ನಕ್ಷೆ ನನ್ನ ಜೀವ ಹಿಂಡಿತು.

ನಕ್ಷೆ ಬೇಕಾಗಿದ್ದದ್ದು ಮೆಲ್ಬರ್ನ್‌ನ ಒಬ್ಬ ನಿವೃತ್ತ ಭಾಷಾಶಾಸ್ತ್ರಜ್ಞೆಗೆ. ನಾನು ಆಫೀಸಿನಲ್ಲಿ ಅವರನ್ನು ಪ್ರೊಫೆಸರಮ್ಮ ಎಂದೇ ಕರೆಯುತ್ತಿದ್ದೆ, ಅರ್ಥವಾಗುವವರು ಅಲ್ಲಿ ಯಾರೂ ಇರಲಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಡೋಗೋನ್ ಎಂಬ ಜನ ಇದ್ದಾರೆ. ಅವರ ಒಂದು ಭಾಷೆಯ ಬಗ್ಗೆ ಪ್ರೊಫೆಸರಮ್ಮ ಅರ್ಧ ಆಯುಷ್ಯ ಕಳೆದು ದಪ್ಪ ಪುಸ್ತಕ ಬರೆದಿದ್ದರು. ಒಂದು ಭಾಷೆ ಎಂದೆ, ಯಾಕೆಂದರೆ ಹೊರಗಿನವರು ಡೋಗೋನರ ಮಾತನ್ನೆಲ್ಲ ಒಂದೇ ಹೆಸರಿನಿಂದ ಕರೆದರೂ ಅದು ಹತ್ತಾರು ಭಾಷೆ. ಈ ಗುಂಪಿನ ಮಾತು ಪಕ್ಕದ ಗುಂಪಿಗೆ ತಿಳಿಯುವುದಿಲ್ಲವಂತೆ. ಉಡುಪಿ ಕಡೆಯಿಂದ ಬಂದ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಪೇಟೆಯ ಅಂಗಡಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಕೇಳಿ ಬೆಳೆದವಳು ನಾನು.

ಆ ಸೀಮೆಯ ರೂಪ ಹೀಗೆ. ದೇಶದ ನಡುವೆ ಉದ್ದಕ್ಕೆ ಒಂದು ಬಂಡೆಯ ಗೋಡೆ ನಿಂತಿದೆ. ನಮ್ಮ ಪುಸ್ತಕದ ಭಾಷೆ ಇರುವ ತುಂಡಿನಲ್ಲಿ ಅದು ಹೆಚ್ಚುಕಡಿಮೆ ತೆಂಕಿನಿಂದ ಬಡಗಿಗೆ ಹೋಗುತ್ತದೆ. ಪಡುವಣ ಕಡೆ ಗೋಡೆಯ ಮೇಲೆ ಕಲ್ಲಿನ ಬಯಲು, ಮೂಡಣ ಕಡೆ ಗೋಡೆಯ ಕೆಳಗೆ ಮರಳಿನ ಬಯಲು. ಜನ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ, ಗೋಡೆಗೆ ಆತುಕೊಂಡು ಬಂಡೆಗಳ ಸಂದಿಯಲ್ಲೂ ಇದ್ದಾರೆ. ಹಿಂದೆ ದಾಳಿಗಳ ಭಯಕ್ಕೆ ಎತ್ತರದಲ್ಲಿ ಮನೆ ಕಟ್ಟಿದವರು, ಭಯ ಕಡಿಮೆಯಾದ ಮೇಲೆ ಹೊಲ, ನೀರು ಇರುವ ಕೆಳಗಿನ ಬಯಲಿಗೆ ಸ್ವಲ್ಪ ಸ್ವಲ್ಪವೇ ಇಳಿದಿದ್ದಾರೆ. ಎಲ್ಲರೂ ಇಳಿದಿಲ್ಲ. ತಲೆನೋವು ಶುರುವಾಗುವುದೇ ಅಲ್ಲಿ.

ಪ್ರೊಫೆಸರಮ್ಮ ಕಳಿಸಿದ ಜಿಪಿಎಸ್ ಬಿಂದುಗಳನ್ನು ನಾನು ಕಂಪ್ಯೂಟರಿಗೆ ಹಾಕಿದೆ. ಊರುಗಳೆಲ್ಲ ಚೆಂದಕ್ಕೆ ಮೂಡಿದವು. ಆದರೆ ನೋಡುತ್ತ ನೋಡುತ್ತ ನನಗೆ ಏನೋ ಸರಿ ಇಲ್ಲ ಅನಿಸಿತು. ಬಂಡೆಯ ಗೋಡೆಯ ಹತ್ತಿರದ ಊರುಗಳೆಲ್ಲ ಬಸ್ ಸ್ಟಾಪಿನಂತೆ ಒಂದೇ ಸಾಲಿನಲ್ಲಿ ನಿಂತಿದ್ದವು. ಮನುಷ್ಯರು ಅಷ್ಟು ಶಿಸ್ತಿನಿಂದ ಎಲ್ಲಿಯೂ ಮನೆ ಕಟ್ಟುವುದಿಲ್ಲ. ಅದರ ಮೇಲೆ ಎತ್ತರ ತೋರಿಸುವ ಗೆರೆಗಳನ್ನು ಹಾಸಿ ನೋಡಿದೆ. ಆ ಸಾಲಿನ ಒಂದು ಊರೂ ಎತ್ತರದಲ್ಲಿ ಇರಲಿಲ್ಲ. ಪುಸ್ತಕದ ಒಳಗೆ ಪ್ರೊಫೆಸರಮ್ಮ ಪುಟಗಟ್ಟಲೆ ವರ್ಣಿಸಿದ್ದ ಬಂಡೆಯ ಸಂದಿಯ ಊರುಗಳು ನಕ್ಷೆಯಲ್ಲಿ ಮರಳಿನಲ್ಲಿ ಕುಳಿತಿದ್ದವು.

ಫೋನ್ ಮಾಡಿದೆ. "ನೀವು ಈ ಊರುಗಳಿಗೆ ಹತ್ತಿ ಹೋಗಿದ್ದೀರಲ್ಲವೇ?" ಎಂದು ಕೇಳಿದೆ.

"ಪ್ರತಿಯೊಂದಕ್ಕೂ ನಡೆದು ಹೋಗಿದ್ದೀನಿ. ನನ್ನ ಮಂಡಿ ಹಾಳಾಗಿರೋದೇ ಅದರಿಂದ" ಎಂದರು ಅವರು ಹೆಮ್ಮೆಯಿಂದ.

"ಜಿಪಿಎಸ್ ಸಾಧನ?"

ಆ ಸಾಧನದ ಬ್ಯಾಟರಿ ಅಲ್ಲಿನ ಬಿಸಿಲಿಗೆ ನಿಲ್ಲುತ್ತಿರಲಿಲ್ಲವಂತೆ. ಆದ್ದರಿಂದ ಅದನ್ನು ಜೀಪಿನ ಸಿಗರೇಟ್ ಹಚ್ಚುವ ಸಾಕೆಟ್ಟಿಗೆ ಸಿಕ್ಕಿಸಿಟ್ಟಿದ್ದರು. ಜೀಪು ಬಂಡೆಯ ಬುಡದವರೆಗೆ ಹೋಗುತ್ತಿತ್ತು. ಅಲ್ಲಿ ಬಿಂದು ಗುರುತು ಮಾಡಿ, ನೀರಿನ ಬಾಟಲಿ ಹಿಡಿದು, ಅವರು ಹತ್ತುತ್ತಿದ್ದರು. ಸಾಧನ ಡ್ರೈವರಿನ ಜೊತೆ ನೆರಳಿನಲ್ಲಿ ಉಳಿಯುತ್ತಿತ್ತು. ಹೀಗೆ ವರ್ಷಗಟ್ಟಲೆ.

ನನ್ನ ಮುಂದೆ ಇದ್ದದ್ದು ಊರುಗಳ ನಕ್ಷೆಯೇ ಅಲ್ಲ, ಜೀಪು ನಿಂತ ಜಾಗಗಳ ನಕ್ಷೆ. ಇಷ್ಟು ಓದಿದವರು, ಒಂದು ಕ್ರಿಯಾಪದದ ಕೊನೆಯ ಸ್ವರ ಏರುತ್ತದೋ ಇಳಿಯುತ್ತದೋ ಎಂದು ಮೂರು ಪುಟ ಬರೆಯುವವರು, ಊರು ಏರಿದೆಯೋ ಇಳಿದಿದೆಯೋ ನೋಡಬೇಡವೇ? ನನಗೆ ಮೈಯೆಲ್ಲ ಉರಿಯಿತು. ಗಂಡನಿಗೆ ಹೇಳಿದರೆ ಅವನು ನಕ್ಕು ನಕ್ಕು ಸುಸ್ತಾದ. "ನೀನೂ ಜೀಪ್ ಸ್ಟ್ಯಾಂಡ್ ಮ್ಯಾಪ್ ಅಂತ ಕೊಟ್ಬಿಟ್ಟು ಬಾ ಮಾರಾಯ್ತಿ. ಮನೆ ಟೈಲ್ಸ್ ಸೆಲೆಕ್ಟ್ ಮಾಡೋಕೆ ಜನ ಇಲ್ಲ ಇಲ್ಲಿ" ಎಂದ.

ಉಪಗ್ರಹದ ಚಿತ್ರ ತರಿಸಿ ನಾನೇ ಹುಡುಕುತ್ತೇನೆ ಎಂದುಕೊಂಡೆ. ಹುಡುಕಿದೆ ಕೂಡ. ಬಂಡೆಯ ಕಲ್ಲಿನಿಂದಲೇ, ಅಲ್ಲಿಯ ಮಣ್ಣಿನಿಂದಲೇ ಕಟ್ಟಿದ ಮನೆಗಳು ಮೇಲಿನಿಂದ ಬಂಡೆಯ ಬಣ್ಣವೇ. ಮನೆ ಯಾವುದು, ಬಿದ್ದ ಬಂಡೆ ಯಾವುದು ದೇವರಿಗೇ ಗೊತ್ತು. ನಾನು ಊರೆಂದು ಗುರುತು ಹಾಕಿದ ಒಂದು ಜಾಗ ಬರೀ ಬಂಡೆಯ ರಾಶಿ ಎಂದೂ, ಬಂಡೆಯ ರಾಶಿ ಎಂದು ಬಿಟ್ಟದ್ದು ಜನ ತುಂಬಿದ ಊರೆಂದೂ ಆಮೇಲೆ ತಿಳಿಯಿತು.

ಅದನ್ನು ಹೇಳಿದವರು ಒಬ್ಬ ಮೇಷ್ಟರು. ಅದೇ ಭಾಷೆಯವರು, ಅಲ್ಲಿಯೇ ಒಂದು ಊರಿನ ಶಾಲೆಯಲ್ಲಿ ಕಲಿಸುವವರು. ಪುಸ್ತಕದ ಪದಗಳನ್ನು ಕೊನೆಯ ಸಲ ತಿದ್ದಲು ಪ್ರೊಫೆಸರಮ್ಮ ಅವರನ್ನು ಮೆಲ್ಬರ್ನ್‌ಗೆ ಕರೆಸಿಕೊಂಡು ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ನಾನು ವಾರದ ಕೊನೆಗೆ ಮಗಳನ್ನು ನೋಡಲು ಮೆಲ್ಬರ್ನ್‌ಗೆ ಹೋಗುತ್ತಲೇ ಇದ್ದೆ. ಉಪಗ್ರಹದ ಚಿತ್ರಗಳ ದೊಡ್ಡ ಸುರುಳಿಯನ್ನು ವಿಮಾನದಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋಗಿ ಅವರ ಮುಂದೆ ಹಾಸಿದೆ.

ಮೇಷ್ಟರು ಎತ್ತರದ ಆಳು, ಮೆಲ್ಬರ್ನ್‌ನ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡಿದ್ದರು. ಫ್ರೆಂಚ್ ಚೆನ್ನಾಗಿ, ಇಂಗ್ಲಿಷ್ ನಿಧಾನವಾಗಿ ಮಾತನಾಡುತ್ತಿದ್ದರು. ನಕ್ಷೆಯಲ್ಲಿ ಮೊದಲು ಹುಡುಕಿದ್ದು ತಮ್ಮ ಊರನ್ನು. ಸಿಗಲಿಲ್ಲ. ನಾನು ಮರಳಿನ ಮೇಲಿನ ಚುಕ್ಕೆ ತೋರಿಸಿದೆ. ಅವರ ಮುಖ ಸಣ್ಣದಾಯಿತು.

"ಇದು ನಮ್ಮೂರಲ್ಲ. ಇಲ್ಲಿ ಒಂದು ಮರ ಇದೆ, ಅದರ ಕೆಳಗೆ ಇವರು ಜೀಪು ನಿಲ್ಲಿಸ್ತಾರೆ" ಎಂದರು.

ಪ್ರೊಫೆಸರಮ್ಮ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದರು.

ಆಗ ಮೇಷ್ಟರು ತಮ್ಮ ಕಷ್ಟ ಹೇಳಿದರು. ಅವರ ಊರು ಗೋಡೆಯ ನೆತ್ತಿಯ ಹತ್ತಿರ, ಬಂಡೆಯ ಒಂದು ಚಾಚಿನ ಮೇಲೆ ಇತ್ತು. ಕೆಲವು ಮನೆಯವರು ಕೆಳಗೆ ಇಳಿದಿದ್ದರು, ಹೆಚ್ಚಿನವರು ಮೇಲೆಯೇ ಇದ್ದರು. ಶಾಲೆಯೂ ಮೇಲೆ, ಎರಡು ಕೋಣೆಯದು, ಮಾಡು ಸೋರುವುದು. ಹೊಸ ಶಾಲೆ ಕಟ್ಟಲು ಹಣ ಮಂಜೂರಾಗಿತ್ತು. ಆದರೆ ಜಿಲ್ಲೆಯ ಕಚೇರಿಯವರು ಊರು ಕೆಳಗೆ ಇದೆ ಎನ್ನುತ್ತಿದ್ದರು. ಅವರ ಹತ್ತಿರ ಇದ್ದ ಹಳೆಯ ನಕ್ಷೆಯಲ್ಲಿ ಹಾಗೆ ಇತ್ತು, ಅದನ್ನು ಬರೆದವನೂ ಬಹುಶಃ ಮರದ ಕೆಳಗೆ ಕುಳಿತೇ ಬರೆದಿದ್ದ. ಶಾಲೆ ಕೆಳಗೆ ಆದರೆ ಮೇಲಿನ ಸಣ್ಣ ಮಕ್ಕಳು ದಿನಾ ಗೋಡೆ ಇಳಿದು ಹತ್ತಬೇಕು. ದೊಡ್ಡವರು ಕಳಿಸುವುದಿಲ್ಲ, ಹೆಣ್ಣುಮಕ್ಕಳನ್ನಂತೂ ಇಲ್ಲವೇ ಇಲ್ಲ. ಮೇಲಿನ ಶಾಲೆ ಮುಚ್ಚಿಹೋಗುತ್ತದೆ.

"ಬಾಯಲ್ಲಿ ಹೇಳಿದ್ರೆ ಕೇಳೋದಿಲ್ಲ. ಅಚ್ಚಾದ ನಕ್ಷೆ ತೋರಿಸು ಅಂತಾರೆ. ಈ ಪುಸ್ತಕದಲ್ಲಿ ನಮ್ಮೂರು ಮೇಲೆ ಇದ್ರೆ ನಾನು ತೋರಿಸ್ತೀನಿ" ಎಂದರು.

ನನಗೆ ಆ ಕ್ಷಣದಲ್ಲಿ ಬಂದದ್ದು ಕನಿಕರವಲ್ಲ, ಸಿಟ್ಟು. ನನ್ನ ಕೆಲಸ ಅಂದರೆ ದ್ರಾಕ್ಷಿ ತೋಟದ ದಾರಿ ತಪ್ಪಾದರೆ ಯಾರೋ ಒಬ್ಬರು ಸಂಜೆ ಬಾಯಾರಿಕೊಂಡು ಸುತ್ತುತ್ತಾರೆ, ಅಷ್ಟೇ. ಒಂದು ಚುಕ್ಕೆಯ ಮೇಲೆ ಮಕ್ಕಳ ಶಾಲೆ ನಿಂತಿದೆ ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಈ ಕೆಲಸವನ್ನು ಪಕ್ಕದ ಮೇಜಿನವನ ತಲೆಗೆ ಕಟ್ಟುತ್ತಿದ್ದೆ.

ಸರಿ, ಊರುಗಳನ್ನು ಒಂದೊಂದಾಗಿ ಮೇಲೆ ಹತ್ತಿಸಲು ಕುಳಿತೆವು. ಮೇಷ್ಟರ ಕ್ರಮ ನನಗೆ ಹುಚ್ಚು ಹಿಡಿಸಿತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಊರನ್ನು ನೇರವಾಗಿ ತೋರಿಸಲು ಅವರಿಗೆ ಆಗುತ್ತಿರಲಿಲ್ಲ. ನಡೆದೇ ಹೋಗಬೇಕು. ಅಲ್ಲಿ ಐದು ದಿನಕ್ಕೊಮ್ಮೆ ಸಂತೆ. ಪ್ರತಿ ಸಲವೂ ಸಂತೆಯ ಜಾಗದಿಂದ ಹೊರಟು, ಬೆರಳಿನಲ್ಲಿ ಮರಳು ದಾಟಿ, ಈರುಳ್ಳಿ ಮಡಿಗಳ ಪಕ್ಕದಲ್ಲಿ ಸುತ್ತಿ, ಬಂಡೆಯ ಸೀಳಿನಲ್ಲಿ ಹತ್ತುತ್ತಿದ್ದರು. ದಾರಿಯಲ್ಲಿ ಸಿಗುವ ಪ್ರತಿಯೊಂದು ಕೇರಿಯ ಹೆಸರನ್ನೂ ಹೇಳಿ, ಅಲ್ಲಿ ಒಂದು ಗಳಿಗೆ ಬೆರಳು ನಿಲ್ಲಿಸಿ, ತಮ್ಮ ಭಾಷೆಯಲ್ಲಿ ಏನೋ ಗುನುಗುತ್ತಿದ್ದರು. ಏನದು ಎಂದು ಪ್ರೊಫೆಸರಮ್ಮನನ್ನು ಕೇಳಿದೆ.

"ಕುಶಲ ಕೇಳ್ತಿದ್ದಾರೆ. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಅಂತ. ಕೇಳದೆ ಒಂದು ಕೇರಿ ದಾಟೋದು ಅಲ್ಲಿ ಮರ್ಯಾದೆ ಅಲ್ಲ."

"ಇದು ಕಾಗದ" ಎಂದೆ ನಾನು.

"ಅವರಿಗೂ ಗೊತ್ತು. ರೂಢಿ ಬಿಡೋದಿಲ್ಲ."

ಒಂದು ಊರು ಹತ್ತುವುದಕ್ಕೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಅವಸರ ಮಾಡಿದರೆ ಮೇಷ್ಟರು ದಾರಿ ತಪ್ಪಿ ಮತ್ತೆ ಸಂತೆಗೆ ಬರುತ್ತಿದ್ದರು. ಅದೂ ಅಲ್ಲದೆ ಅವರು ಹೇಳಿದ್ದೆಲ್ಲ ಸರಿ ಇರುತ್ತಿರಲಿಲ್ಲ. ಒಂದು ಊರೆಂದು ಖಡಾಖಂಡಿತವಾಗಿ ತೋರಿಸಿದ ಜಾಗ ನೋಡಿದರೆ ಅದು ಮೋಡದ ನೆರಳು. ತಮ್ಮ ಊರಿನ ಚುಕ್ಕೆ ಪಕ್ಕದ ಊರಿನದಕ್ಕಿಂತ ಸ್ವಲ್ಪ ದೊಡ್ಡದಿರಲಿ ಎಂದು ಬೇರೆ ನಾಜೂಕಾಗಿ ಸೂಚಿಸಿದರು. ಪಕ್ಕದ ಊರಿನವರು ಜಂಬದವರಂತೆ. ಎಲ್ಲ ಚುಕ್ಕೆಯೂ ಒಂದೇ ಗಾತ್ರ ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳಿದೆ.

ನಿಜವಾದ ಜಗಳ ಆದದ್ದು ಊರು ಎಂದರೇನು ಎಂಬುದರ ಮೇಲೆ. ನಾನು ಒಂದು ಊರಿಗೆ ಒಂದು ಚುಕ್ಕೆ ಇಡುತ್ತಿದ್ದೆ. ಮೇಷ್ಟರಿಗೆ ಅದು ಒಪ್ಪಿಗೆಯಿರಲಿಲ್ಲ. ಹೊರಗಿನವರು ಒಂದು ಊರು ಎನ್ನುವುದು ಒಳಗಿನವರಿಗೆ ನಾಲ್ಕೈದು ಕೇರಿ, ಒಂದೊಂದಕ್ಕೂ ಒಂದೊಂದು ಹೆಸರು, ಒಂದು ಮೇಲೆ, ಒಂದು ಸಂದಿಯಲ್ಲಿ, ಒಂದು ಕೆಳಗೆ. ನನ್ನ ಗಂಡನಿಗೆ ಇದು ಅರ್ಥವೇ ಆಗಲಿಲ್ಲ. ಅವನು ಮಂಡ್ಯದ ಕಡೆಯವನು. ಅವನ ಪ್ರಕಾರ ಊರು ಎಂದರೆ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಸಿಕೊಂಡು ಒಂದು ಕಡೆ ಇರಬೇಕು, ಸುತ್ತ ಗದ್ದೆ ಇರಬೇಕು, ಊರಿಗೆ ಒಂದು ಬಾಗಿಲು ಇರಬೇಕು. ಮದುವೆಯಾದ ಹೊಸದರಲ್ಲಿ ನಮ್ಮ ಕಡೆ ಬಂದಾಗ ಬಸ್ಸಿಳಿದು "ಊರು ಎಲ್ಲಿ?" ಎಂದು ಕೇಳಿದ್ದ. ನಿಂತಿದ್ದೇ ಊರಿನ ನಡುವೆ. ನಮ್ಮಲ್ಲಿ ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಗದ್ದೆಯ ಆಚೆ. ಪ್ರತಿ ಮನೆಯ ಜಾಗಕ್ಕೂ ಬೇರೆ ಹೆಸರು. ಆದ್ದರಿಂದ ಮೇಷ್ಟರ ಮಾತು ನನಗೆ ಒಳಗೊಳಗೇ ಸರಿ ಎನಿಸುತ್ತಿತ್ತು. ಆದರೆ ಪುಟದ ಮೇಲೆ ಅಷ್ಟು ಹೆಸರು ಹಿಡಿಸಬೇಕಲ್ಲ. ಎಷ್ಟು ಸಣ್ಣ ಅಕ್ಷರ ಮಾಡಿದರೂ ಒಂದರ ಮೇಲೊಂದು ಹತ್ತುತ್ತಿದ್ದವು.

"ಹಾಗಾದರೆ ಒಂದೇ ಚುಕ್ಕೆ ಇಡಬೇಕೆಂದರೆ ಎಲ್ಲಿಡಲಿ? ಹೆಚ್ಚು ಜನ ಇರುವ ಕಡೆಯೋ?" ಎಂದು ಕೇಳಿದೆ.

"ಮೊದಲು ಬಂದವರ ಮನೆ ಎಲ್ಲಿದೆಯೋ ಅಲ್ಲಿ. ಜನ ಎಲ್ಲಿ ಬೇಕಾದರೂ ಇಳಿದು ಹೋಗಲಿ. ಊರು ಆ ಮನೆಯಲ್ಲಿದೆ" ಎಂದರು ಮೇಷ್ಟರು.

ಒಂದು ಭಾನುವಾರ ಗಂಡ ಅವರನ್ನೂ ನಮ್ಮ ಸೈಟ್ ತೋರಿಸಲು ಟ್ರುಗನಿನಾಕ್ಕೆ ಕರೆದುಕೊಂಡು ಬಂದ. ಅಲ್ಲಿ ಆಗ ಇದ್ದದ್ದು ಗಾಳಿ, ಒಣಹುಲ್ಲು, ದೂರದಲ್ಲಿ ಗೋದಾಮುಗಳ ಸಾಲು, ಮತ್ತು ಮರದ ಚೌಕಟ್ಟು ಮಾತ್ರ ನಿಂತಿದ್ದ ನಮ್ಮ ಮನೆ. ನಮ್ಮ ರಸ್ತೆ ಇನ್ನೂ ಯಾವ ರಸ್ತೆಯ ಪುಸ್ತಕದಲ್ಲೂ ಬಂದಿರಲಿಲ್ಲ. ನಾನು ನಕ್ಷೆ ಬರೆಯುವವಳು, ನನ್ನ ಮನೆಗೆ ಕಾಂಕ್ರೀಟ್ ಲಾರಿಯವನು ದಾರಿ ಗೊತ್ತಾಗದೆ ಎರಡು ಸಲ ವಾಪಸ್ ಹೋಗಿದ್ದ. ಮೇಷ್ಟರು ಚೌಕಟ್ಟಿನೊಳಗೆ ನಡೆದು ನೋಡಿ, ಬಹಳ ಗೌರವದಿಂದ ಗಂಡನನ್ನು ಕೇಳಿದರು, "ಈ ಊರಿಗೆ ಮೊದಲು ಬಂದವರು ಯಾರು?"

ಗಂಡ ತಲೆ ಕೆರೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಡೆವಲಪರ್ ಅಂತ ಹೇಳ್ಲಾ?" ಎಂದ.

"ಹೇಳು, ಆಮೇಲೆ ಇವರು ಅವನ ಮನೆಗೆ ಹೋಗಿ ಕುಶಲ ಕೇಳೋಣ ಅಂತಾರೆ" ಎಂದೆ ನಾನು.

ಮಗಳು ಕಾರಿನಿಂದಲೇ, "Can we go now?" ಎಂದು ಕೂಗಿದಳು. ನಾನು ಕನ್ನಡದಲ್ಲಿ ಬೈದೆ, ಅವಳು ಇಂಗ್ಲಿಷಿನಲ್ಲಿ ಮುನಿಸಿಕೊಂಡಳು. ಮೇಷ್ಟರಿಗೆ ಅದು ಬಹಳ ಹಿಡಿಸಿತು. ತಮ್ಮ ಶಾಲೆಯಲ್ಲಿ ಇದರ ತಿರುವುಮುರುವು ಎಂದರು, ಅವರು ಫ್ರೆಂಚಿನಲ್ಲಿ ಬೈದರೆ ಮಕ್ಕಳು ಮನೆಮಾತಿನಲ್ಲಿ ಮುನಿಸಿಕೊಳ್ಳುತ್ತಾರಂತೆ.

ಕೊನೆಗೂ ನಕ್ಷೆ ಮುಗಿಯಿತು. ಮೊದಲ ಮನೆ ಇರುವಲ್ಲಿ ತುಂಬಿದ ಚುಕ್ಕೆ, ಇಳಿದು ಹೋದವರ ಕೇರಿಗೆ ಖಾಲಿ ಚುಕ್ಕೆ, ಎರಡನ್ನೂ ಸೇರಿಸುವ ಸಣ್ಣ ಗೆರೆ. ನೋಡಿದವರಿಗೆ ಯಾರು ಮೇಲಿನಿಂದ ಎಲ್ಲಿಗೆ ಬಂದರು ಎಂದು ಒಂದು ನೋಟಕ್ಕೆ ತಿಳಿಯುತ್ತಿತ್ತು. ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ, ಮುಚ್ಚಿಡುವುದೇಕೆ. ಪ್ರಕಾಶನದವರು ಪುಸ್ತಕದ ಒಂದು ಮಾದರಿ ಪ್ರತಿಯನ್ನು ಹೊಲಿಸಿ ಕಳಿಸಿದರು. ಮೇಷ್ಟರು ಊರಿಗೆ ಹೊರಡುವ ಮೊದಲು ಅದನ್ನು ನೋಡಲಿ ಎಂದು ಪ್ರೊಫೆಸರಮ್ಮನ ಮನೆಯಲ್ಲಿ ಎಲ್ಲರೂ ಸೇರಿದೆವು.

ನಕ್ಷೆ ಎದುರುಬದುರು ಎರಡು ಪುಟಗಳ ಮೇಲೆ ಹರಡಿತ್ತು. ಎಡ ಪುಟದಲ್ಲಿ ಮೇಲಿನ ಕಲ್ಲುಬಯಲು, ಬಲ ಪುಟದಲ್ಲಿ ಕೆಳಗಿನ ಮರಳು. ಗೋಡೆ? ಗೋಡೆ ಸರಿಯಾಗಿ ಎರಡು ಪುಟಗಳ ನಡುವಿನ ಹೊಲಿಗೆಯಲ್ಲಿ ಇಳಿದುಹೋಗಿತ್ತು. ಗೋಡೆಯ ಜೊತೆ ಅದಕ್ಕೆ ಆತುಕೊಂಡ ಊರುಗಳೆಲ್ಲ. ಮೇಷ್ಟರು ಪುಟ ಅಗಲಿಸಿ ಬೆರಳು ತೂರಿಸಿ ನೋಡಿದರು. ಅವರ ಊರಿನ ಹೆಸರಿನ ಕೊನೆಯ ಅಕ್ಷರ ಮಾತ್ರ ಹೊರಗೆ ಇಣುಕುತ್ತಿತ್ತು.

ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಮಧ್ಯಾಹ್ನಗಟ್ಟಲೆ ಬೆರಳಿನಲ್ಲಿ ಹತ್ತಿ ಹತ್ತಿ ಮೇಲೆ ತಂದ ಊರುಗಳನ್ನು ದಾರ ಹಾಕಿ ಹೊಲಿದುಬಿಟ್ಟಿದ್ದರು.

ಸಂಪಾದಕಿಗೆ ಫೋನ್ ಮಾಡಿದರೆ ಅವಳು, ಪುಟಗಳ ಲೆಕ್ಕ ಮುಗಿದಿದೆ, ಬೇರೆ ಹಾಳೆ ಸೇರಿಸಲು ಆಗುವುದಿಲ್ಲ ಎಂದಳು. ನಕ್ಷೆ ಸಣ್ಣದು ಮಾಡಿ ಒಂದೇ ಪುಟಕ್ಕೆ ಹಾಕಿ ಎಂದಳು. ಹಾಗೆ ಮಾಡಿದರೆ ಹೆಸರು ಓದಲು ಭೂತಗನ್ನಡಿ ಬೇಕು. ಪ್ರೊಫೆಸರಮ್ಮ ಅಳುವುದೊಂದು ಬಾಕಿ.

ನನಗೆ ಆಗ ಹೊಳೆದದ್ದು ಯಾವ ಜಾಣತನದಿಂದಲೂ ಅಲ್ಲ, ನಮ್ಮ ಕಡೆಯ ಮಾತಿನ ರೂಢಿಯಿಂದ. ನಾವು ಕರಾವಳಿಯವರು ಬೆಂಗಳೂರಿಗೆ, ಮೈಸೂರಿಗೆ ಹೋಗುವುದನ್ನು ಘಟ್ಟದ ಮೇಲೆ ಹೋಗುವುದು ಎನ್ನುತ್ತೇವೆ. ನಮ್ಮ ಮೇಲೆ ಎಂದರೆ ಘಟ್ಟ. ಅದಕ್ಕೂ ಬಡಗಿಗೂ ಸಂಬಂಧವಿಲ್ಲ. ಶಾಲೆಯ ಗೋಡೆಯ ನಕ್ಷೆಯಲ್ಲಿ ಘಟ್ಟ ಬಲಗಡೆ ಇರುವುದು ನನಗೆ ಚಿಕ್ಕವಳಿರುವಾಗ ಅನ್ಯಾಯ ಎನಿಸುತ್ತಿತ್ತು. ಈ ನಕ್ಷೆಯನ್ನು ಕಾಲು ಸುತ್ತು ತಿರುಗಿಸಿದರೆ ಏನಾಗುತ್ತದೆ? ಪುಟದ ಮೇಲ್ಭಾಗದಲ್ಲಿ ಕಲ್ಲುಬಯಲು, ಕೆಳಭಾಗದಲ್ಲಿ ಮರಳು, ಗೋಡೆ ಎರಡೂ ಪುಟಗಳನ್ನು ಅಡ್ಡಕ್ಕೆ ದಾಟುತ್ತದೆ. ಹೊಲಿಗೆಗೆ ಸಿಗುವುದು ಒಂದೇ ಒಂದು ಜಾಗ, ಅಲ್ಲಿ ಊರೇ ಇಲ್ಲ.

ಕಾಗದವನ್ನು ತಿರುಗಿಸಿ ಮೇಷ್ಟರ ಮುಂದೆ ಇಟ್ಟೆ. ಅವರು ಸಂತೆಗೆ ಹೋಗಲಿಲ್ಲ, ಈರುಳ್ಳಿ ಮಡಿ ಸುತ್ತಲಿಲ್ಲ. ಬೆರಳು ನೇರವಾಗಿ ತಮ್ಮ ಊರಿನ ಮೇಲೆ ಇಟ್ಟರು. "ಕೆಳಗೆ ನಿಂತು ನೋಡಿದ್ರೆ ಹೀಗೇ ಕಾಣುತ್ತೆ" ಎಂದರು.

ಪ್ರೊಫೆಸರಮ್ಮ ಸುಲಭಕ್ಕೆ ಒಪ್ಪಲಿಲ್ಲ. ಉತ್ತರ ಮೇಲಿಲ್ಲದ ನಕ್ಷೆ ನೋಡಿ ವಿದ್ವಾಂಸರು ನಗುತ್ತಾರೆ ಎಂದರು. ಊರುಗಳನ್ನು ಜೀಪಿನಲ್ಲಿ ಇಟ್ಟಿದ್ದಕ್ಕೆ ನಗದವರು ಇದಕ್ಕೆ ನಗಲಾರರು ಎಂದು ನಾನು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಹೇಳಿದ್ದು. ಅವರು ಕೆಂಪಾದರು, ಒಪ್ಪಿದರು. ನಾನು ಚಾಟ್ಸ್‌ವುಡ್‌ಗೆ ವಾಪಸ್ ಹೋಗಿ ನಕ್ಷೆಯನ್ನು ತಿರುಗಿಸಿ, ಎಲ್ಲ ಹೆಸರುಗಳನ್ನೂ ಹೊಸದಾಗಿ ಕೂರಿಸಿ, ಮೂಲೆಯಲ್ಲಿ ಬಲಕ್ಕೆ ಮುಖ ಮಾಡಿದ ಬಾಣ ಇಟ್ಟು ಉತ್ತರ ಎಂದು ಬರೆದು ಕಳಿಸಿದೆ. ಕೆಲಸ ಬಿಟ್ಟು ಮೆಲ್ಬರ್ನ್‌ಗೆ ಬಂದೆ. ಟೈಲ್ಸ್ ಅಷ್ಟರಲ್ಲಿ ಗಂಡನೇ ಆರಿಸಿಬಿಟ್ಟಿದ್ದ, ಅದು ಬೇರೆ ದುಃಖ.

ಮರುವರ್ಷ ಪುಸ್ತಕ ಬಂತು. ಬಿಡುಗಡೆಗೆಂದು ಮೇಷ್ಟರನ್ನು ಮತ್ತೆ ಕರೆಸಿದ್ದರು. ಒಂದು ಗ್ರಂಥಾಲಯದ ಹಿಂದಿನ ಕೋಣೆ, ಕೇಕ್, ಚಹಾ, ನಿವೃತ್ತರಾದ ಕೆಲವು ವಿದ್ವಾಂಸರು. ಮೇಷ್ಟರು ನನ್ನನ್ನು ಕಂಡ ಕೂಡಲೇ ಗಂಡ ಹೇಗಿದ್ದಾರೆ, ಮಗಳು ಹೇಗಿದ್ದಾಳೆ, ಮನೆ ಹೇಗಿದೆ ಎಂದು ಒಂದೊಂದಾಗಿ ಕೇಳಿ ಮುಗಿಸಿದರು. ನಾನು ಶಾಲೆಯ ವಿಷಯ ಕೇಳಿದೆ. ಕಚೇರಿಯವರು ಇನ್ನೂ ತೀರ್ಮಾನ ಮಾಡಿಲ್ಲ, ಇವರು ಪುಸ್ತಕ ತರುತ್ತೇನೆ ಎಂದು ಹೇಳಿ ತಡೆದು ನಿಲ್ಲಿಸಿದ್ದಾರೆ, ಮುಂದಿನ ವಾರ ಊರಿಗೆ ಹೋದ ಕೂಡಲೇ ನಕ್ಷೆ ತೋರಿಸಬೇಕು ಎಂದರು.

ಪ್ರತಿಗಳ ರಾಶಿಯಿಂದ ಒಂದನ್ನು ತೆಗೆದು ನಾನೇ ನಕ್ಷೆಯ ಪುಟ ಬಿಡಿಸಿದೆ.

ಉತ್ತರ ಮೇಲೆ ಇತ್ತು. ಎಡಕ್ಕೆ ಕಲ್ಲುಬಯಲು, ಬಲಕ್ಕೆ ಮರಳು. ಗೋಡೆ ಹೊಲಿಗೆಯೊಳಗೆ.

ಸಂಪಾದಕಿ ಪಕ್ಕದಲ್ಲೇ ಇದ್ದಳು. ಬಹಳ ಖುಷಿಯಿಂದ ಹೇಳಿದಳು, "ನೀವು ಗಮನಿಸಿದ್ರಾ? ಕೊನೇ ಗಳಿಗೇಲಿ ನಮ್ಮ ಡಿಸೈನರ್ ನೋಡಿದ. ನಿಮ್ಮ ನಕ್ಷೆ ಅಡ್ಡ ಬಿದ್ದಿತ್ತು. ಮುಂಚೆ ಕಳಿಸಿದ್ದ ಸರಿಯಾದ ಫೈಲ್ ನಮ್ಮ ಹತ್ತಿರ ಇತ್ತಲ್ಲ, ಅದನ್ನೇ ಹಾಕಿದ."

ನಾನು ಏನು ಹೇಳಿದೆ ಎಂದು ನನಗೆ ನೆನಪಿಲ್ಲ. ತುಳುವಿನಲ್ಲಿ ಹೇಳಿದೆ ಎಂಬುದು ಮಾತ್ರ ಗೊತ್ತು, ಮತ್ತು ಅದು ಬರೆಯುವಂಥದ್ದಲ್ಲ. ಪ್ರೊಫೆಸರಮ್ಮ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. ಅವರು ಪುಸ್ತಕವನ್ನು ಅರ್ಧಕ್ಕಿಂತ ಹೆಚ್ಚು ಅಗಲಿಸಿ ಹಿಡಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಓದಿದ ಪುಟಕ್ಕೆ ಗುರುತಿಗೆಂದು ಒಂದು ಮೂಲೆ ಮಡಚಿದರೆ ಅವರಿಗೆ ಜ್ವರ ಬರುತ್ತಿತ್ತು.

ಮೇಷ್ಟರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮೇಜಿನ ಮೇಲೆ ಇಟ್ಟರು. ಎರಡೂ ಅಂಗೈಗಳನ್ನು ಎರಡು ಪುಟಗಳ ಮೇಲೆ ಊರಿ, ಮೈಭಾರ ಹಾಕಿ ಒತ್ತಿದರು. ಪುಸ್ತಕದ ಬೆನ್ನು ಲಟ್ಟೆಂದು ಮುರಿಯಿತು. ಕೋಣೆಯ ಎಲ್ಲರೂ ತಿರುಗಿ ನೋಡಿದರು. ಹೊಲಿಗೆ ಬಿಚ್ಚಿ ಎರಡು ಪುಟಗಳು ಚಪ್ಪಟೆಯಾಗಿ ಮಲಗಿದವು, ನಡುವೆ ದಾರದ ಎಳೆ ಕಾಣಿಸಿತು, ಅದರ ಪಕ್ಕದಲ್ಲಿ ಅವರ ಊರು ಪೂರ್ತಿ ಹೆಸರಿನೊಂದಿಗೆ ಕಾಣಿಸಿತು, ತುಂಬಿದ ಚುಕ್ಕೆ, ಗೋಡೆಯ ಮೇಲೆ.

"ಕಚೇರಿಯವರು ಪುಸ್ತಕ ಓದೋದಿಲ್ಲ. ಈ ಪುಟ ಒಂದು ತೆರೆದರೆ ಸಾಕು" ಎಂದರು ಮೇಷ್ಟರು.

"ಒಂದು ಪ್ರತಿ ಸಾಲದು. ಅವರು ಒಂದನ್ನು ಕಳೆದುಹಾಕುತ್ತಾರೆ" ಎಂದೆ ನಾನು.

ಸಂಪಾದಕಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪ್ರೊಫೆಸರಮ್ಮ ಮಾರಾಟಕ್ಕೆ ಜೋಡಿಸಿಟ್ಟಿದ್ದ ರಾಶಿಯ ಹತ್ತಿರ ಹೋಗಿ, ಮೇಲಿನ ಪ್ರತಿಯನ್ನು ತೆಗೆದುಕೊಂಡರು. ತಾವು ಅರ್ಧ ಆಯುಷ್ಯ ಹಾಕಿ ಬರೆದ ಪುಸ್ತಕ. ಅದನ್ನು ನಕ್ಷೆಯ ಪುಟಕ್ಕೆ ಬಿಡಿಸಿ, ಮೇಜಿಗೆ ಒತ್ತಿ, ಬೆನ್ನು ಮುರಿದರು. ಊರು ಕಾಣುತ್ತದೆಯೇ ಎಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಅದನ್ನು ಮೇಷ್ಟರ ಕಡೆ ಸರಿಸಿ, ರಾಶಿಯಿಂದ ಇನ್ನೊಂದನ್ನು ತೆಗೆದುಕೊಂಡರು.